ಮಿತ್ರ ದೇಶದಲ್ಲಿ ಸರ್ವಾಧಿಕಾರಿ: ಐದು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು?

ಮಡಿಕೇರಿಯ ಗದ್ದಿಗೆಯಲ್ಲಿ ಸಮಾಧಿಯಾಗಿರುವ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಕಂಪನಿಗೆ ಮಲಬಾರಿನಿಂದ ಶ್ರೀರಂಗಪಟ್ಟಣದ ಕಡೆಗೆ ಸೈನ್ಯ ಸಾಗಿಸಲು ಘಟ್ಟದ ದಾರಿ ಬೇಕಿತ್ತು, ಅರಸನಿಗೆ ಟಿಪ್ಪುವಿನ ಕೈಗೆ ಸಿಗದಂತೆ ತನ್ನ ರಾಜ್ಯ ಉಳಿಯಬೇಕಿತ್ತು. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಸೈನ್ಯ ಕೊಡಗನ್ನು ದಾಟಿ ಹೋಯಿತು. ಕೊನೆಯ ವರ್ಷಗಳಲ್ಲಿ ಅರಸನಿಗೆ ಅನುಮಾನದ ಹುಚ್ಚು ಹಿಡಿದು ಅರಮನೆಯಲ್ಲಿ ಹೆಣಗಳು ಬಿದ್ದಾಗಲೂ ಕಂಪನಿ ಗೆಳೆತನ ಮುರಿದುಕೊಳ್ಳಲಿಲ್ಲ. 1834ರ ಹೊತ್ತಿಗೆ ಟಿಪ್ಪು ಸತ್ತು 35 ವರ್ಷ ಕಳೆದಿತ್ತು, ಕೊಡಗಿನ ಅರಸನ ಅಗತ್ಯವೂ ತೀರಿತ್ತು. ಆಗ ಪಟ್ಟದಲ್ಲಿದ್ದ ಚಿಕ್ಕ ವೀರರಾಜೇಂದ್ರನ ಕ್ರೌರ್ಯ ಕಂಪನಿಯ ಕಣ್ಣಿಗೆ ಚೆನ್ನಾಗಿ ಕಾಣಿಸಿತು. ಜನರ ಇಚ್ಛೆಯ ಮೇರೆಗೆ ಎಂಬ ಘೋಷಣೆ ಹೊರಡಿಸಿ ರಾಜ್ಯವನ್ನು ವಶಪಡಿಸಿಕೊಂಡಿತು.

ಹೀಗಾಗಿ ದೊಡ್ಡ ದೇಶವೊಂದು ಮಾನವ ಹಕ್ಕುಗಳ ಮಾತೆತ್ತಿದರೆ ಕೊಡಗಿನವರಿಗೆ ಗುಮಾನಿ ಹುಟ್ಟುವುದು ಸಹಜ. ಗುಮಾನಿ ಇರಲಿ. ಆದರೆ ಅರಸನ ಕೈಯಲ್ಲಿ ಸತ್ತವರು ನಿಜವಾಗಿಯೂ ಸತ್ತಿದ್ದರು. ಕಂಪನಿಯದು ಕಪಟ ಎಂದ ಮಾತ್ರಕ್ಕೆ ಆ ಸಾವುಗಳು ಸುಳ್ಳಾಗುವುದಿಲ್ಲ. ನಮಗೆ ಬೇಕಾದ ದೇಶದಲ್ಲಿ ಬೇಡವಾದ ಆಡಳಿತ ಇದ್ದಾಗ ಏನು ಮಾಡಬೇಕು ಎಂಬ ಪ್ರಶ್ನೆಗೆ ಗುಮಾನಿಯಿಂದ ಉತ್ತರ ಸಿಗುವುದಿಲ್ಲ.

ಇದು ದೆಹಲಿಯವರ ಕೆಲಸ, ನಮಗೇಕೆ ಎನ್ನುವವರು ನಮ್ಮ ಜಿಲ್ಲೆಯನ್ನೇ ಒಮ್ಮೆ ನೋಡಲಿ. ಇಲ್ಲಿನ ಮನೆಮನೆಯಿಂದ ಸೈನ್ಯಕ್ಕೆ ಹೋಗಿದ್ದಾರೆ. ನಾಪೋಕ್ಲು, ಸಿದ್ದಾಪುರ, ವಿರಾಜಪೇಟೆಯ ಮಕ್ಕಳು ಅರಸರು ಆಳುವ ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದಾರೆ. ನಮ್ಮ ಕಾಫಿ 1991ರವರೆಗೆ ರೂಪಾಯಿ ವ್ಯಾಪಾರದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗುತ್ತಿತ್ತು. ಆ ಒಕ್ಕೂಟ ಒಡೆದಾಗ ಪೆಟ್ಟು ಬಿದ್ದದ್ದು ಇಲ್ಲಿನ ತೋಟಗಳಿಗೆ. ಹಂಗೆರಿಗೆ, ಚೆಕೊಸ್ಲೊವಾಕಿಯಕ್ಕೆ ಮಾಸ್ಕೋದ ಟ್ಯಾಂಕುಗಳು ನುಗ್ಗಿದಾಗ ದೆಹಲಿ ಯಾಕೆ ಮೆತ್ತಗೆ ಮಾತನಾಡಿತು ಎಂದು ತೋಟದ ಮಾಲೀಕರು ಕೇಳಿದ ನೆನಪು ಯಾರಿಗೂ ಇರಲಾರದು. ಹಿತಾಸಕ್ತಿ ಎನ್ನುವಾಗ ಅದರಲ್ಲಿ ನಮ್ಮ ಪಾಲೂ ಇದೆ.

ಆಯ್ಕೆಗೆ ಮೊದಲು

ದಾರಿಗಳನ್ನು ಹೋಲಿಸುವ ಮುನ್ನ ಮೂರು ವಿಷಯಗಳನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಆ ಆಡಳಿತದಿಂದ ನಮಗೆ ಬೇಕಾದದ್ದು ಏನು, ಅದು ಬೇರೆಲ್ಲಿಯಾದರೂ ಸಿಗುತ್ತದೆಯೇ? ಅವರಿಗೆ ನಮ್ಮಿಂದ ಬೇಕಾದದ್ದು ಏನು, ಅದನ್ನು ನಾವು ತಡೆದರೆ ಇನ್ನೊಬ್ಬರು ಕೊಡುತ್ತಾರೆಯೇ? ಮೂರನೆಯದು ಎಲ್ಲಕ್ಕಿಂತ ಮುಖ್ಯ, ಸಾಮಾನ್ಯವಾಗಿ ಯಾರೂ ಕೇಳದಿರುವುದೂ ಅದನ್ನೇ: ಈ ಮನುಷ್ಯ ಹೋದ ಮೇಲೆ ಬರುವವರು ಯಾರು, ಅವರಿಗೆ ನಮ್ಮ ಬಗ್ಗೆ ಏನು ನೆನಪಿರುತ್ತದೆ?

ಸರ್ವಾಧಿಕಾರಿಯ ಜೊತೆ ವ್ಯವಹರಿಸುವುದೇ ಪಾಪ ಎಂದು ನಾನು ಭಾವಿಸುವುದಿಲ್ಲ. ನೆರೆಯವರನ್ನು ಆರಿಸಿಕೊಳ್ಳುವ ಅವಕಾಶ ಯಾವ ದೇಶಕ್ಕೂ ಇಲ್ಲ. ಆದರೆ ಒಬ್ಬನೇ ಮನುಷ್ಯನ ಮೇಲೆ ಇಡೀ ಸಂಬಂಧವನ್ನು ಪಣಕ್ಕಿಡುವುದು ಮೂರ್ಖತನ. ಕೆಳಗಿನ ಹೋಲಿಕೆಯಲ್ಲಿ ನನ್ನ ಮುಖ್ಯ ಅಳತೆಗೋಲು ಅದೇ.

ಒಂದು: ಬಾಯಿ ಮುಚ್ಚಿಕೊಂಡು ಕೈಕುಲುಕುವುದು

ಅತಿ ಹೆಚ್ಚು ಬಳಕೆಯಲ್ಲಿರುವ ದಾರಿ ಇದು. ಇದಕ್ಕೆ ವಾಸ್ತವವಾದ ಎಂಬ ಗೌರವದ ಹೆಸರೂ ಇದೆ. ಇದರ ಲಾಭನಷ್ಟವನ್ನು ಅಳೆಯಲು ಭಾರತೀಯರಿಗೆ ಮ್ಯಾನ್ಮಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1988ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದಾಗ ಭಾರತ ಅವರ ಪರವಾಗಿ ಮಾತನಾಡಿತ್ತು. ಆಕಾಶವಾಣಿಯ ಬರ್ಮೀಸ್ ಪ್ರಸಾರ ಅಲ್ಲಿನ ಸೇನಾಡಳಿತಕ್ಕೆ ಕಿರಿಕಿರಿ ಮಾಡುವಷ್ಟು ಗಟ್ಟಿಯಾಗಿತ್ತು. ತೊಂಬತ್ತರ ದಶಕದಲ್ಲಿ ಗಾಳಿ ತಿರುಗಿತು. ಈಶಾನ್ಯದ ಬಂಡುಕೋರರು ಗಡಿಯಾಚೆ ಶಿಬಿರ ಹಾಕಿದ್ದರು, ಚೀನಾ ರಸ್ತೆ ಮತ್ತು ಬಂದರುಗಳ ಮೂಲಕ ಒಳಗೆ ಬರುತ್ತಿತ್ತು. 1994ರಲ್ಲಿ ಗಡಿ ವ್ಯಾಪಾರದ ಒಪ್ಪಂದವಾಯಿತು. 2004ರಲ್ಲಿ ಸೇನಾಡಳಿತದ ಮುಖ್ಯಸ್ಥ ತಾನ್ ಶ್ವೆ ದೆಹಲಿಗೆ ಬಂದರು, 2010ರಲ್ಲಿ ಮತ್ತೆ ಬಂದರು. 2007ರ ಸೆಪ್ಟೆಂಬರಿನಲ್ಲಿ ಕಾವಿ ತೊಟ್ಟ ಭಿಕ್ಷುಗಳು ರಂಗೂನಿನ ಬೀದಿಗಳಲ್ಲಿ ನಡೆದು ಏಟು ತಿನ್ನುತ್ತಿದ್ದಾಗ ನಮ್ಮ ಪೆಟ್ರೋಲಿಯಂ ಸಚಿವ ಮುರಳಿ ದೇವ್ರಾ ಅದೇ ದೇಶದಲ್ಲಿ ಅನಿಲ ಅನ್ವೇಷಣೆಯ ಒಪ್ಪಂದಗಳಿಗೆ ಸಾಕ್ಷಿಯಾಗಿದ್ದರು.

ಸಿಕ್ಕಿದ್ದೇನು? ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂಡುಕೋರರ ಶಿಬಿರಗಳ ಮೇಲೆ ಎರಡೂ ಸೈನ್ಯಗಳು ಹೊಂದಾಣಿಕೆಯಿಂದ ಕಾರ್ಯಾಚರಣೆ ನಡೆಸಿದವು. 2020ರಲ್ಲಿ 22 ಬಂಡುಕೋರರನ್ನು ಮ್ಯಾನ್ಮಾರ್ ನಮಗೆ ಒಪ್ಪಿಸಿತು. ಕಾಡಿನಲ್ಲಿ ಗಸ್ತು ತಿರುಗುವ ಯೋಧನ ದೃಷ್ಟಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಅಸ್ಸಾಂ ರೈಫಲ್ಸ್ ಜೊತೆ ಮಣಿಪುರದಲ್ಲಿದ್ದ ನಮ್ಮ ಊರಿನ ನಿವೃತ್ತ ಸುಬೇದಾರರೊಬ್ಬರು ಈ ಚರ್ಚೆ ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಾರೆ: "ನೀವು ಪತ್ರಿಕೆ ಓದಿ ನ್ಯಾಯ ಹೇಳುತ್ತೀರಿ. ಗುಡ್ಡದ ಆಚೆಯಿಂದ ಗುಂಡು ಬರುವುದು ನಿಂತರೆ ಸಾಕು ಎಂದು ನಮಗೆ ಅನ್ನಿಸುತ್ತಿತ್ತು." ಅವರ ಮಾತನ್ನು ತಳ್ಳಿಹಾಕುವ ಯಾವ ವಾದವನ್ನೂ ನಾನು ನಂಬುವುದಿಲ್ಲ.

ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ನಾವು ಬಾಯಿ ಮುಚ್ಚಿಕೊಂಡಿದ್ದು ಅನಿಲಕ್ಕಾಗಿಯೂ ಹೌದು. ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಎಂಬ ನಮ್ಮ ಸರ್ಕಾರಿ ಕಂಪನಿಗಳು ಪಾಲುದಾರರಾಗಿದ್ದ ಮ್ಯಾನ್ಮಾರಿನ ಶ್ವೆ ನಿಕ್ಷೇಪದ ಅನಿಲ ಕೊನೆಗೆ ಹೋದದ್ದು ಚೀನಾಕ್ಕೆ. 2013ರಿಂದ ಕೊಳವೆಯಲ್ಲಿ ಹರಿಯುತ್ತಿದೆ. 2007ರ ಜನವರಿಯಲ್ಲಿ ಭದ್ರತಾ ಮಂಡಳಿಯಲ್ಲಿ ಮ್ಯಾನ್ಮಾರ್ ಪರವಾಗಿ ವೀಟೊ ಚಲಾಯಿಸಲು ಚೀನಾಕ್ಕೆ ಸಾಧ್ಯವಿತ್ತು, ನಮಗೆ ಇರಲಿಲ್ಲ. ಮೌನದ ಪೈಪೋಟಿಯಲ್ಲಿ ನಮಗಿಂತ ಹೆಚ್ಚು ಕೊಡಬಲ್ಲ ಮೌನಿಯೊಬ್ಬ ಪಕ್ಕದಲ್ಲೇ ಇದ್ದ. ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಓದಿದ, ಮ್ಯಾನ್ಮಾರಿನ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ 2012ರಲ್ಲಿ ಭಾರತಕ್ಕೆ ಬಂದಾಗ, ಕಷ್ಟದ ದಿನಗಳಲ್ಲಿ ಭಾರತ ದೂರ ಸರಿದದ್ದಕ್ಕೆ ಬೇಸರವಾಗಿತ್ತು ಎಂದು ಮುಖಕ್ಕೇ ಹೇಳಿದರು.

2021ರ ಫೆಬ್ರುವರಿ 1ರಂದು ಸೈನ್ಯ ಮತ್ತೆ ಅಧಿಕಾರ ಕಿತ್ತುಕೊಂಡಿತು. ಮಾರ್ಚ್ 27ರ ಸೇನಾ ದಿನದ ಕವಾಯತಿಗೆ ಪ್ರತಿನಿಧಿ ಕಳಿಸಿದ ಎಂಟು ದೇಶಗಳಲ್ಲಿ ಭಾರತವೂ ಒಂದು. ಅದೇ ದಿನ ಬೀದಿಗಳಲ್ಲಿ ನೂರಕ್ಕೂ ಹೆಚ್ಚು ಜನ ಗುಂಡಿಗೆ ಬಲಿಯಾದರು. ಗಡಿಯಲ್ಲಿ ಸಹಕಾರ ಬೇಕು, ಒಪ್ಪೋಣ. ಕವಾಯತಿನಲ್ಲಿ ಕುರ್ಚಿ ಯಾಕೆ ಬೇಕಿತ್ತು? ಈ ದಾರಿಯ ರೋಗವೇ ಇದು. ಅಗತ್ಯಕ್ಕೆಂದು ಆರಂಭವಾದ ಮೌನ ಶಿಷ್ಟಾಚಾರವಾಗಿ, ಬರುಬರುತ್ತಾ ಹೊಗಳಿಕೆಯಾಗುತ್ತದೆ. 1977ರ ಡಿಸೆಂಬರ್ 31ರ ರಾತ್ರಿ ಟೆಹರಾನಿನ ಔತಣದಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಇರಾನನ್ನು ಸ್ಥಿರತೆಯ ದ್ವೀಪ ಎಂದು ಕೊಂಡಾಡಿದರು. 1979ರ ಜನವರಿಯಲ್ಲಿ ಅಲ್ಲಿನ ದೊರೆ ಷಾ ದೇಶ ಬಿಟ್ಟು ಓಡಿದರು. ಅದೇ ನವೆಂಬರಿನಲ್ಲಿ ಶುರುವಾದ ಅಮೆರಿಕನ್ ರಾಯಭಾರ ಕಚೇರಿಯ ಒತ್ತೆ ಪ್ರಕರಣ 444 ದಿನ ನಡೆಯಿತು. ಮಾನವ ಹಕ್ಕುಗಳ ಅಧ್ಯಕ್ಷನೆಂದೇ ಹೆಸರಾಗಿದ್ದವರ ಕಥೆಯಿದು.

ಹಾಗಿದ್ದರೂ ಮೌನ ಎಂದೂ ಫಲ ಕೊಡುವುದಿಲ್ಲ ಎನ್ನುವಂತಿಲ್ಲ, ಇದು ಕಹಿಯಾದ ಸತ್ಯ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನಡೆಯುತ್ತಿದ್ದ ಹತ್ಯಾಕಾಂಡವನ್ನು ಢಾಕಾದ ಅಮೆರಿಕನ್ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ತಂತಿಯ ಮೂಲಕ ವಾಷಿಂಗ್ಟನ್ನಿಗೆ ತಿಳಿಸಿ, ತಮ್ಮ ಸರ್ಕಾರದ ನೀತಿಯನ್ನೇ ಖಂಡಿಸಿದರು. ಅಧ್ಯಕ್ಷ ನಿಕ್ಸನ್ ಈ ಹೊತ್ತಿನಲ್ಲಿ ಯಾಹ್ಯಾರನ್ನು ಹಿಂಡಬೇಡಿ ಎಂದು ಕೈಬರಹದಲ್ಲಿ ಬರೆದರು. ಕಾರಣ, ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್ ಚೀನಾಕ್ಕೆ ಗುಟ್ಟಿನ ಸೇತುವೆಯಾಗಿದ್ದರು. ಆ ಜುಲೈನಲ್ಲಿ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದಿಂದಲೇ ಬೀಜಿಂಗಿಗೆ ಹಾರಿದರು. ಚೀನಾದ ಬಾಗಿಲು ತೆರೆಯಿತು, ಅಂದುಕೊಂಡದ್ದು ಆಯಿತು. ಬೆಲೆ ತೆತ್ತವರು ಬಂಗಾಳಿಗಳು, ಅವರ ಹಿಂದೆಯೇ ಒಂದು ಕೋಟಿಯಷ್ಟು ನಿರಾಶ್ರಿತರನ್ನು ಹೊತ್ತುಕೊಂಡ ಭಾರತ. ಮೌನದ ಲಾಭ ಒಬ್ಬರಿಗೆ ಸಿಕ್ಕಾಗ ಅದರ ಬಿಲ್ ಹೆಚ್ಚಾಗಿ ಮತ್ತೊಬ್ಬರ ಮನೆಗೆ ಬರುತ್ತದೆ.

ಎರಡು: ಕಿವಿಯಲ್ಲಿ ಹೇಳುವುದು

ಬಹಿರಂಗವಾಗಿ ಸ್ನೇಹ, ಮುಚ್ಚಿದ ಕೋಣೆಯಲ್ಲಿ ಒತ್ತಡ. ಪ್ರತಿ ವಿದೇಶಾಂಗ ಇಲಾಖೆಯೂ ತಾನು ಇದನ್ನೇ ಮಾಡುತ್ತಿದ್ದೇನೆ ಎನ್ನುತ್ತದೆ, ಅದನ್ನು ಪರೀಕ್ಷಿಸಲು ಆಗುವುದಿಲ್ಲ ಎಂಬ ಧೈರ್ಯದಿಂದ. ಆದರೆ ನಿಜವಾಗಿ ಮಾಡಿದಾಗ ಜೀವ ಉಳಿದದ್ದುಂಟು.

ದಕ್ಷಿಣ ಕೊರಿಯಾದಲ್ಲಿ 1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದ ದಂಗೆಯನ್ನು ಸೈನ್ಯ ರಕ್ತದಲ್ಲಿ ಮುಳುಗಿಸಿತು. ವಿರೋಧ ಪಕ್ಷದ ನಾಯಕ ಕಿಮ್ ಡೇ ಜುಂಗ್ ಅವರಿಗೆ ಮರಣದಂಡನೆ ವಿಧಿಸಲಾಯಿತು. ಸೇನಾನಾಯಕ ಚುನ್ ಡೂ ಹ್ವಾನ್‌ಗೆ ಹೊಸ ಅಧ್ಯಕ್ಷ ರೇಗನ್ ಜೊತೆ ಶ್ವೇತಭವನದಲ್ಲಿ ಫೋಟೊ ಬೇಕಿತ್ತು. ರೇಗನ್ ಅವರ ತಂಡ ಗುಟ್ಟಾಗಿ ಬೆಲೆ ಹೇಳಿತು: ಕಿಮ್ ಬದುಕಬೇಕು. 1981ರ ಜನವರಿಯಲ್ಲಿ ಶಿಕ್ಷೆ ಇಳಿಯಿತು, ಫೆಬ್ರುವರಿಯಲ್ಲಿ ಚುನ್ ವಾಷಿಂಗ್ಟನ್ನಿಗೆ ಬಂದರು. ಅದೇ ಕಿಮ್ 1998ರಲ್ಲಿ ದೇಶದ ಅಧ್ಯಕ್ಷರಾದರು, 2000ದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಆದರೆ ಕೊರಿಯಾದ ಯುವಜನರಿಗೆ ಗುಟ್ಟಿನ ಒಪ್ಪಂದ ಗೊತ್ತಿರಲಿಲ್ಲ, ಫೋಟೊ ಕಾಣಿಸಿತ್ತು. 1982ರಲ್ಲಿ ಬುಸಾನಿನ ಅಮೆರಿಕನ್ ಸಾಂಸ್ಕೃತಿಕ ಕೇಂದ್ರಕ್ಕೆ ವಿದ್ಯಾರ್ಥಿಗಳು ಬೆಂಕಿ ಹಚ್ಚಿದರು.

ಈ ದಾರಿ ಫಲಿಸಲು ಮೂರು ವಸ್ತು ಬೇಕು: ನಿರ್ದಿಷ್ಟ ಹೆಸರು, ಅವರಿಗೆ ಬೇಕಾದ ನಿರ್ದಿಷ್ಟ ವಸ್ತು, ಒಂದು ಗಡುವು. ಮಾನವ ಹಕ್ಕುಗಳ ಬಗ್ಗೆ ಕಳವಳ ವ್ಯಕ್ತಪಡಿಸಿದೆವು ಎಂಬ ಹೇಳಿಕೆಯಲ್ಲಿ ಈ ಮೂರೂ ಇರುವುದಿಲ್ಲ.

ಮೂರು: ಷರತ್ತು ಹಾಕುವುದು, ಅದರಲ್ಲೂ ಶಸ್ತ್ರಕ್ಕೆ

ಮಡಿಕೇರಿಯಲ್ಲಿ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವಿದೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧ ವಾಯುನೆಲೆಯ ಮೇಲಿನ ದಾಳಿಯಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ತಮಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ತಮ್ಮ ಹಳೆಯ ಮಿಸ್ಟೇರ್‌ನಿಂದ ಹೊಡೆದುರುಳಿಸಿ, ತಾವೂ ಮಡಿದರು. ಅವರ ಸಾಹಸ ಖಚಿತವಾಗಿ ಮಹಾವೀರ ಚಕ್ರ ಬರಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ವೃತ್ತದ ಸುತ್ತ ಬಸ್ಸು, ಜೀಪುಗಳ ಗದ್ದಲದಲ್ಲಿ ನಿಂತು ಇಷ್ಟನ್ನು ಬಹಳ ಜನ ಹೇಳಬಲ್ಲರು. ಆ ಸ್ಟಾರ್‌ಫೈಟರ್ ಪಾಕಿಸ್ತಾನಕ್ಕೆ ಹೇಗೆ ಬಂತು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

ಅದು ಬಂದದ್ದು ಅಮೆರಿಕದ ಸೇನಾ ನೆರವಿನಲ್ಲಿ, ಜನರಲ್ ಅಯೂಬ್ ಖಾನ್ ಆಡಳಿತಕ್ಕೆ. ಕಮ್ಯುನಿಸ್ಟರನ್ನು ತಡೆಯಲು ಎಂದು ಕೊಟ್ಟ ಶಸ್ತ್ರಗಳವು. ನೆರವಿನ ನಿರ್ಧಾರ ಹೊರಬಿದ್ದ 1954ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ನೆಹರೂ ಅವರಿಗೆ ಪತ್ರ ಬರೆದು, ಈ ಶಸ್ತ್ರಗಳನ್ನು ಆಕ್ರಮಣಕ್ಕೆ ದುರುಪಯೋಗಪಡಿಸಿಕೊಂಡರೆ ತಡೆಯುವ ಕ್ರಮ ಕೈಗೊಳ್ಳುತ್ತೇನೆ ಎಂದು ಭರವಸೆ ಕೊಟ್ಟಿದ್ದರು. ಹನ್ನೊಂದು ವರ್ಷಗಳ ನಂತರ ಯುದ್ಧ ಬಂದಾಗ ಅಮೆರಿಕ ಎರಡೂ ದೇಶಗಳಿಗೆ ಶಸ್ತ್ರ ಪೂರೈಕೆ ನಿಲ್ಲಿಸಿತು. ಅಷ್ಟರಲ್ಲಿ ವಿಮಾನಗಳು ಹಾರಿ ಆಗಿತ್ತು. ಕೊಟ್ಟ ಮೇಲೆ ಹಾಕುವ ಷರತ್ತಿಗೆ ಬೆಲೆಯಿಲ್ಲ ಎನ್ನಲು ಇದಕ್ಕಿಂತ ಹತ್ತಿರದ ಸಾಕ್ಷಿ ಕೊಡಗಿಗೆ ಬೇಕಾಗಿಲ್ಲ.

ಷರತ್ತಿನ ಎರಡನೆಯ ಕಾಯಿಲೆ ವಿನಾಯಿತಿ. ಈಜಿಪ್ಟಿಗೆ ಅಮೆರಿಕ ವರ್ಷಕ್ಕೆ 130 ಕೋಟಿ ಡಾಲರ್ ಸೇನಾ ನೆರವು ಕೊಡುತ್ತದೆ. 2013ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಅದೇ ಅಕ್ಟೋಬರಿನಲ್ಲಿ ಯುದ್ಧವಿಮಾನ‌ಗಳನ್ನು ತಡೆಹಿಡಿದರು. ಜೈಲುಗಳು ತುಂಬಿರುವಾಗಲೇ 2015ರ ಮಾರ್ಚಿನಲ್ಲಿ ಬಿಡುಗಡೆ ಮಾಡಿದರು. ಇಂಥ ಬೆದರಿಕೆಯನ್ನು ಒಮ್ಮೆ ಕಂಡ ಆಡಳಿತ ಎರಡನೆಯ ಸಲ ಹೆದರುವುದಿಲ್ಲ.

ಹಾಗಾದರೆ ಷರತ್ತು ಕೆಲಸ ಮಾಡಿದ್ದೆಲ್ಲಿ? ನೇಪಾಳದಲ್ಲಿ, ಭಾರತದ ಕೈಯಲ್ಲೇ. ನಮ್ಮ ವಿದೇಶಾಂಗ ನೀತಿಯ ಈ ಅಧ್ಯಾಯವನ್ನು ನಾವೇ ಮರೆತಿರುವುದು ವಿಚಿತ್ರ. 2005ರ ಫೆಬ್ರುವರಿ 1ರಂದು ರಾಜ ಜ್ಞಾನೇಂದ್ರ ಸರ್ಕಾರವನ್ನು ವಜಾ ಮಾಡಿ, ದೂರವಾಣಿ ಕಡಿದು, ನಾಯಕರನ್ನು ಬಂಧಿಸಿ ಅಧಿಕಾರ ಕೈಗೆ ತೆಗೆದುಕೊಂಡರು. ಅದೇ ತಿಂಗಳು ಢಾಕಾದಲ್ಲಿ ನಡೆಯಬೇಕಿದ್ದ ಸಾರ್ಕ್ ಶೃಂಗಸಭೆಗೆ ಬರುವುದಿಲ್ಲ ಎಂದು ಭಾರತ ಹೇಳಿತು, ಶಸ್ತ್ರ ಪೂರೈಕೆಯನ್ನು ತಡೆಹಿಡಿಯಿತು. ಆಗ ನೇಪಾಳದ ಸೈನ್ಯ ಮಾವೋವಾದಿಗಳ ವಿರುದ್ಧ ಹೋರಾಡುತ್ತಿತ್ತು, ಆ ಮಾವೋವಾದಿಗಳು ನಮಗೂ ತಲೆನೋವು. ಅಂದರೆ ಹಿತಾಸಕ್ತಿಯ ವಾದ ರಾಜನ ಪರವಾಗಿಯೇ ಇತ್ತು. ರಾಜ ಚೀನಾದಿಂದ ಶಸ್ತ್ರ ತರಿಸಿಕೊಂಡರೂ ದೆಹಲಿ ಗಾಬರಿಗೊಳ್ಳಲಿಲ್ಲ. ಬದಲಿಗೆ 2005ರ ನವೆಂಬರಿನಲ್ಲಿ ಏಳು ಪಕ್ಷಗಳೂ ಮಾವೋವಾದಿಗಳೂ ದೆಹಲಿಯಲ್ಲೇ ಕುಳಿತು 12 ಅಂಶಗಳ ಒಪ್ಪಂದಕ್ಕೆ ಬರಲು ಅನುವು ಮಾಡಿಕೊಟ್ಟಿತು. ಮುಂದಿನ ಏಪ್ರಿಲ್‌ನಲ್ಲಿ ಜನ ಬೀದಿಗಿಳಿದರು. ಆ ಗಳಿಗೆಯಲ್ಲಿ ಹಿರಿಯ ರಾಜಕಾರಣಿ ಕರಣ್ ಸಿಂಗ್ ಅವರನ್ನು ಕಳಿಸಿ ರಾಜನಿಗೆ ಸ್ವಲ್ಪ ಜಾಗ ಉಳಿಸಲು ನೋಡಿದ್ದು ಎಡವಟ್ಟು, ಆದರೆ ಕೆಲವೇ ದಿನಗಳಲ್ಲಿ ದೆಹಲಿ ತಿದ್ದಿಕೊಂಡಿತು. ರಾಜ ಮಣಿದರು. 2008ರಲ್ಲಿ ಅರಸೊತ್ತಿಗೆಯೇ ಹೋಯಿತು.

ನೇಪಾಳದಲ್ಲಿ ಆದದ್ದು ಈಜಿಪ್ಟಿನಲ್ಲಿ ಯಾಕೆ ಆಗಲಿಲ್ಲ? ತೆರೆದ ಗಡಿ, ವ್ಯಾಪಾರ, ಸೈನ್ಯಗಳ ನಂಟು, ಎಲ್ಲ ರೀತಿಯಲ್ಲೂ ನೇಪಾಳಕ್ಕೆ ಭಾರತದ ಮೇಲಿನ ಅವಲಂಬನೆ ಆಳವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ರಾಜನ ಬದಲಿಗೆ ಯಾರ ಜೊತೆ ಮಾತನಾಡಬೇಕು ಎಂಬುದು ದೆಹಲಿಗೆ ಗೊತ್ತಿತ್ತು. ಆ ನಾಯಕರಲ್ಲಿ ಹಲವರು ಭಾರತದಲ್ಲೇ ಓದಿದವರು, ಭಾರತದಲ್ಲೇ ತಲೆಮರೆಸಿಕೊಂಡಿದ್ದವರು.

ಷರತ್ತು ಹಾಕಿಸಿಕೊಳ್ಳುವುದು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಕೊಡಗಿನ ಬೆಳೆಗಾರರನ್ನು ಕೇಳಬಹುದು. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮದ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ತೋಟದ ನಕ್ಷಾಂಶಗಳನ್ನು ಕೊಡಬೇಕು. ಜಾರಿಯ ದಿನಾಂಕವನ್ನು ಮುಂದೂಡಿದರೂ ಇಲ್ಲಿ ಓಡಾಟ ನಿಲ್ಲಲಿಲ್ಲ. ದೊಡ್ಡ ಎಸ್ಟೇಟಿನವರಿಗೆ ಇದು ಗುಮಾಸ್ತರ ಕೆಲಸ. ಪೌತಿ ಖಾತೆಯಾಗದೆ, ಅಜ್ಜನ ಹೆಸರಿನಲ್ಲೇ ಆರ್‌ಟಿಸಿ ಇರುವ ಎರಡು ಎಕರೆಯವರಿಗೆ ತಲೆನೋವು. ಉದ್ದೇಶ ತಪ್ಪಲ್ಲ. ಆದರೆ ಷರತ್ತಿನ ಭಾರ ಮೇಲಿನಿಂದ ಕೆಳಕ್ಕೆ ಜಾರುತ್ತದೆ. ಸರ್ವಾಧಿಕಾರಿಯ ದೇಶದಲ್ಲಂತೂ ಇದು ಇನ್ನೂ ನಿಜ: ವ್ಯಾಪಾರಕ್ಕೆ ಹಾಕಿದ ಷರತ್ತು ಗಾರ್ಮೆಂಟ್ ಕೆಲಸದ ಹೆಂಗಸಿಗೆ ತಟ್ಟುತ್ತದೆ, ಶಸ್ತ್ರಕ್ಕೆ ಹಾಕಿದ ಷರತ್ತು ಸೇನಾಪತಿಗೆ ತಟ್ಟುತ್ತದೆ. ಆದ್ದರಿಂದ ಷರತ್ತಿನ ದಾರಿ ಹಿಡಿಯುವವರು ಶಸ್ತ್ರದಿಂದ, ಸೇನಾ ತರಬೇತಿಯಿಂದ, ಅಧಿಕಾರದಲ್ಲಿರುವವರ ಬ್ಯಾಂಕ್ ಖಾತೆಗಳಿಂದ ಆರಂಭಿಸಬೇಕು.

ನಾಲ್ಕು: ಸಂಬಂಧ ಕಡಿದುಕೊಳ್ಳುವುದು

ಭಾಷಣಕ್ಕೆ ಹೇಳಿಮಾಡಿಸಿದ ದಾರಿ, ಫಲ ಕೊಡುವುದು ಅಪರೂಪ. ವರ್ಣಭೇದದ ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ನಿಲ್ಲಿಸಿದ ಮೊದಲ ದೇಶ ಭಾರತ, 1946ರಲ್ಲೇ. ಫಲ ಬಂದದ್ದು ನಾಲ್ಕು ದಶಕಗಳ ಬಳಿಕ. 1986ರಲ್ಲಿ ಅಮೆರಿಕದ ಕಾಂಗ್ರೆಸ್ ರೇಗನ್ ಅವರ ವೀಟೊವನ್ನು ಮೀರಿ ದಿಗ್ಬಂಧನದ ಕಾನೂನು ಮಾಡಿದಂತೆ, ದೊಡ್ಡ ದೇಶಗಳೂ ಕೈಜೋಡಿಸಿದ ಮೇಲೆ. ಮುಖ್ಯವಾಗಿ, ಆ ದಿಗ್ಬಂಧನವನ್ನು ಅಲ್ಲಿನ ಕರಿಯರ ಚಳವಳಿಯೇ ಬೇಡಿತ್ತು. ಅಲ್ಲಿನ ಜನ ಕೇಳದ ದಿಗ್ಬಂಧನವನ್ನು ಹೊರಗಿನವರು ಹೇರಿದರೆ ಆಡಳಿತಕ್ಕೆ ದೇಶಪ್ರೇಮದ ಭಾಷಣವೊಂದು ಉಚಿತವಾಗಿ ಸಿಗುತ್ತದೆ.

ಕೊನೆಯ ಗಳಿಗೆಯಲ್ಲಿ ಕೈಬಿಡುವುದು ಇದರದೇ ಇನ್ನೊಂದು ರೂಪ. ಫಿಲಿಪ್ಪೀನ್ಸಿನ ಸರ್ವಾಧಿಕಾರಿ ಮಾರ್ಕೋಸ್ ಅವರನ್ನು ವರ್ಷಗಟ್ಟಲೆ ಪೋಷಿಸಿದ ಅಮೆರಿಕ, 1986ರ ಫೆಬ್ರುವರಿಯಲ್ಲಿ ಮನಿಲಾದ ಬೀದಿಗಳು ತುಂಬಿದಾಗ ಸೆನೆಟರ್ ಲ್ಯಾಕ್ಸಾಲ್ಟ್ ಬಾಯಲ್ಲಿ ದೂರವಾಣಿಯ ಮೂಲಕ ಹೊರಡಿ ಎಂದು ಹೇಳಿಸಿತು. ಮಾರ್ಕೋಸ್ ಹೊರಟರು. 1991ರಲ್ಲಿ ಪ್ರಜಾಪ್ರಭುತ್ವದ ಸೆನೆಟ್ 12–11 ಮತಗಳಿಂದ ಸುಬಿಕ್ ನೌಕಾನೆಲೆಯ ಒಪ್ಪಂದವನ್ನು ತಿರಸ್ಕರಿಸಿತು, ಮರುವರ್ಷ ಅಮೆರಿಕ ಅಲ್ಲಿಂದ ಗಂಟುಮೂಟೆ ಕಟ್ಟಿತು. ನೋಡಿ, ಹಕ್ಕುಗಳ ಪರ ನಿಂತರೆ ನೆಲೆ ಹೋಗುತ್ತದೆ ಎನ್ನುವವರಿಗೆ ಇದು ಒಳ್ಳೆಯ ದಾಖಲೆ. ಆದರೆ ಒಪ್ಪಂದ ಹೋದರೂ ಮೈತ್ರಿ ಹೋಗಲಿಲ್ಲ; 2014ರಲ್ಲಿ ಅಮೆರಿಕನ್ ಸೈನಿಕರಿಗೆ ಮತ್ತೆ ಅಲ್ಲಿ ಜಾಗ ಸಿಕ್ಕಿತು. ಇರಾನಿನಲ್ಲಿ ಇಂದಿಗೂ ಸಿಕ್ಕಿಲ್ಲ.

ಐದು: ಆಶ್ರಯ ಕೊಡುವುದು, ಹಿತ್ತಿಲ ಬಾಗಿಲು ತೆರೆದಿಡುವುದು

ನೀತಿಯ ಚರ್ಚೆಗಳಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಕುಶಾಲನಗರದಿಂದ ಕಾವೇರಿ ದಾಟಿದರೆ ಕಣ್ಣೆದುರಿಗೇ ಇದೆ. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಸುಮಾರು 3,000 ಎಕರೆ ಕಾಡು ನೆಲ ಕೊಟ್ಟಿತು. ಇಂದು ನಾಮ್‌ಡ್ರೋಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧರನ್ನು ನೋಡಲು ಬರುವ ಪ್ರವಾಸಿಗರ ಬಸ್ಸುಗಳ ನಡುವೆ, ಮುಸುಕಿನ ಜೋಳದ ಹೊಲಗಳಿಂದ ಟ್ರ್ಯಾಕ್ಟರ್ ಹೊಡೆದುಕೊಂಡು ಬರುವ ಟಿಬೆಟನ್ ರೈತ ಅಂಗಡಿಯವರ ಜೊತೆ ಸರಾಗವಾಗಿ ಕನ್ನಡ ಮಾತನಾಡುತ್ತಾನೆ. ಚೀನಾ ನಮ್ಮ ಮಿತ್ರ ದೇಶವೇನಲ್ಲ, ಆದರೆ ದೆಹಲಿ ಅದರ ಸ್ನೇಹ ಬಯಸಿದ ಕಾಲಗಳಿದ್ದವು. 2003ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗ ಎಂದು ಭಾರತ ಬರೆದುಕೊಟ್ಟಿತು, 2018ರಲ್ಲಿ ಟಿಬೆಟನ್ನರ ಕೃತಜ್ಞತಾ ಕಾರ್ಯಕ್ರಮಗಳಿಂದ ದೂರವಿರುವಂತೆ ಅಧಿಕಾರಿಗಳಿಗೆ ಸೂಚನೆ ಹೋಯಿತು. ಬಾಯಿಗೆ ಬೀಗ ಬಿತ್ತು. ಆದರೆ ಬೈಲಕುಪ್ಪೆಯ ಬಾಗಿಲಿಗೆ ಬೀಗ ಬೀಳಲಿಲ್ಲ.

ಬಲವಂತವಾಗಿ ವಾಪಸ್ ಕಳಿಸಬಾರದು ಎಂಬ ತತ್ವಕ್ಕೆ ಕೊಡಗಿನ ಸೇನಾನಿಯೊಬ್ಬರ ಹೆಸರೂ ಅಂಟಿಕೊಂಡಿದೆ. ಕೊರಿಯಾ ಯುದ್ಧದ ನಂತರ 1953–54ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಜನರಲ್ ತಿಮ್ಮಯ್ಯ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತರು. ಬಹುಪಾಲು ಚೀನೀಯರು ಮತ್ತು ಉತ್ತರ ಕೊರಿಯನ್ನರು, ಊರಿಗೆ ಮರಳಲು ಒಪ್ಪದವರು. ಕೈದಿಗಳನ್ನು ಬಲ ಪ್ರಯೋಗಿಸಿಯಾದರೂ ತಮ್ಮ ಅಧಿಕಾರಿಗಳ ಮುಂದೆ ತಂದು ನಿಲ್ಲಿಸಬೇಕು ಎಂದು ಚೀನಾ ಒತ್ತಾಯಿಸಿತು. ತಿಮ್ಮಯ್ಯ ಬಲ ಪ್ರಯೋಗಿಸಲು ಒಪ್ಪಲಿಲ್ಲ. ಆಗ ದೆಹಲಿ ಚೀನಾದ ಜೊತೆ ಪಂಚಶೀಲ ಒಪ್ಪಂದದ ಮಾತುಕತೆಯಲ್ಲಿತ್ತು. ಕೈದಿಗಳ ವಿಚಾರ 1954ರ ಜನವರಿಯಲ್ಲಿ ಮುಗಿಯಿತು, ಪಂಚಶೀಲಕ್ಕೆ ಏಪ್ರಿಲ್‌ನಲ್ಲಿ ಸಹಿ ಬಿತ್ತು. ಹಕ್ಕಿನ ವಿಷಯದಲ್ಲಿ ಗಟ್ಟಿಯಾಗಿ ನಿಂತದ್ದರಿಂದ ಹಿತಾಸಕ್ತಿ ಕೆಡಲಿಲ್ಲ. ಆ ಹಿತಾಸಕ್ತಿ 1962ರಲ್ಲಿ ತಾನಾಗಿಯೇ ಕೆಟ್ಟಿತು, ಬೇರೆ ಕಾರಣಗಳಿಗೆ.

ಇದೇ ಅಳತೆಯಲ್ಲಿ ಮಿಜೋರಾಂ ನೋಡಿ. 2021ರ ಮಾರ್ಚಿನಲ್ಲಿ ಮ್ಯಾನ್ಮಾರಿನಿಂದ ಬರುವವರನ್ನು ತಡೆಯಿರಿ ಎಂದು ಗೃಹ ಸಚಿವಾಲಯ ಗಡಿ ರಾಜ್ಯಗಳಿಗೆ ಬರೆಯಿತು. ಮಣಿಪುರದ ಆಡಳಿತ ಅವರಿಗೆ ಊಟ, ವಸತಿಯ ಶಿಬಿರ ತೆರೆಯಬೇಡಿ ಎಂಬ ಸುತ್ತೋಲೆ ಹೊರಡಿಸಿ, ಟೀಕೆ ಬಂದಾಗ ಹಿಂದಕ್ಕೆ ಪಡೆಯಿತು. ಮಿಜೋರಾಂ ಮುಖ್ಯಮಂತ್ರಿ ಜೋರಾಂಥಂಗ ಪ್ರಧಾನಿಗೇ ಪತ್ರ ಬರೆದು, ಅವರು ನಮ್ಮ ರಕ್ತಸಂಬಂಧಿಗಳು, ಕೈಬಿಡಲಾರೆವು ಎಂದರು. ಗಡಿಯಾಚೆಯ ಚಿನ್ ಬೆಟ್ಟಗಳಿಂದ ಬಂದ ಸಾವಿರಾರು ಮಂದಿಗೆ ಅಲ್ಲಿನ ಚರ್ಚುಗಳು, ಹಳ್ಳಿಗಳು ಅನ್ನ ಹಾಕಿದವು. ಇಂದು ಗಡಿಯಾಚೆಯ ಬಹುಭಾಗ ಸೇನಾಡಳಿತದ ಕೈಯಲ್ಲಿಲ್ಲ. ಮ್ಯಾನ್ಮಾರಿನ ಸಿತ್ವೆ ಬಂದರಿನಿಂದ ಮಿಜೋರಾಮಿಗೆ ಬರಬೇಕಾದ ನಮ್ಮ ಕಲಾದಾನ್ ಮಾರ್ಗದ ಮೇಲಿರುವ ಪಲೆತ್ವಾ ಪಟ್ಟಣವನ್ನು 2024ರ ಜನವರಿಯಲ್ಲಿ ಸೇನಾಡಳಿತದ ವಿರುದ್ಧ ಹೋರಾಡುವ ಅರಾಕನ್ ಆರ್ಮಿ ಹಿಡಿಯಿತು. ದೆಹಲಿ ಇಷ್ಟು ವರ್ಷ ಮಾತನಾಡಿಸಿದ ಸೇನಾಪತಿಗಳ ಬಳಿ ಆ ರಸ್ತೆಯ ಬೀಗದ ಕೈ ಇಲ್ಲ. ಐಜಾಲಿನಲ್ಲಿ ಅನ್ನ ಹಾಕಿದವರ ಮಾತಿಗೆ ಅಲ್ಲಿ ಹೆಚ್ಚು ಬೆಲೆ ಇದೆ.

ಹಿತ್ತಿಲ ಬಾಗಿಲು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶ. ಶೇಖ್ ಹಸೀನಾ ಆಡಳಿತ ನಮಗೆ ಅಸ್ಸಾಮಿನ ಬಂಡುಕೋರ ಸಂಘಟನೆ ಉಲ್ಫಾದ ನಾಯಕರನ್ನು ಒಪ್ಪಿಸಿತು, 2015ರಲ್ಲಿ ಗಡಿ ಒಪ್ಪಂದ ಇತ್ಯರ್ಥವಾಯಿತು. ಲಾಭ ದೊಡ್ಡದೇ. ಆದರೆ ವಿರೋಧ ಪಕ್ಷಗಳು ಬಹಿಷ್ಕರಿಸಿದ ಚುನಾವಣೆಗಳಿಗೂ ದೆಹಲಿ ಬೆನ್ನುತಟ್ಟಿತು, ಉಳಿದವರ ಜೊತೆ ಮಾತು ಕಡಿಮೆಯಾಯಿತು. 2024ರ ಆಗಸ್ಟ್ 5ರಂದು ಹಸೀನಾ ಭಾರತಕ್ಕೆ ಬಂದಿಳಿದಾಗ ಢಾಕಾದ ಬೀದಿಯಲ್ಲಿದ್ದ ಯುವಜನರಿಗೆ ಪರಿಚಯವಿದ್ದ ಭಾರತ ಆಕೆಯ ಬೆನ್ನಿಗಿದ್ದ ಭಾರತ ಮಾತ್ರ.

ಹಾಗಾದರೆ ಯಾವಾಗ ಯಾವುದು?

ನಮ್ಮ ಲಕ್ಷಾಂತರ ಜನ ಅವರ ನೆಲದಲ್ಲಿದ್ದು, ನಮ್ಮ ಕೈಯಲ್ಲಿ ತಡೆಯಬಲ್ಲ ವಸ್ತು ಏನೂ ಇಲ್ಲದಿದ್ದರೆ ಎರಡನೆಯ ದಾರಿಯೇ ಗತಿ. ಕೊಲ್ಲಿ ದೇಶಗಳ ವಿಷಯದಲ್ಲಿ ನಾನು ಭಾರತದಿಂದ ಖಂಡನೆಯ ಭಾಷಣ ಬಯಸುವುದಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡ ಮಾಲೀಕರ ಹೆಸರು, ಜೈಲಿನಲ್ಲಿರುವ ಕಾರ್ಮಿಕರ ಹೆಸರು ಹಿಡಿದ ಪಟ್ಟಿ ಪ್ರತಿ ಸಚಿವರ ಭೇಟಿಯಲ್ಲೂ ಮೇಜಿನ ಮೇಲಿರಬೇಕು ಎಂದು ಬಯಸುತ್ತೇನೆ. ಸೌದಿ ಪತ್ರಕರ್ತ ಜಮಾಲ್ ಖಶೋಗಿ ಹತ್ಯೆಯ ನಂತರ ಸೌದಿಯನ್ನು ಬಹಿಷ್ಕೃತ ದೇಶ ಮಾಡುತ್ತೇನೆ ಎಂದು ಚುನಾವಣೆಗೆ ಮುನ್ನ ಗುಡುಗಿದ ಬೈಡನ್, 2022ರ ಜುಲೈನಲ್ಲಿ ಜೆಡ್ಡಾದಲ್ಲಿ ಯುವರಾಜನಿಗೆ ಮುಷ್ಟಿ ತಾಗಿಸಿ ನಿಂತರು. ನಿಭಾಯಿಸಲಾಗದ ಮಾತು ಆಡದಿರುವುದೇ ಲೇಸಿತ್ತು.

ಅವಲಂಬನೆ ನಮ್ಮ ಮೇಲೆ ಹೆಚ್ಚಿದ್ದು, ಬದಲಿ ನಾಯಕತ್ವ ಕಣ್ಣಿಗೆ ಕಾಣುತ್ತಿದ್ದರೆ ಷರತ್ತು. ಅದೂ ಕೊಡುವ ಮುನ್ನ, ಶಸ್ತ್ರದಿಂದ ಆರಂಭಿಸಿ. ಮ್ಯಾನ್ಮಾರಿನಲ್ಲಿ ಇಂದು ಬದಲಿ ನಾಯಕತ್ವ ಚೂರುಚೂರಾಗಿದೆ, ಚೀನಾ ಪಕ್ಕದಲ್ಲೇ ಇದೆ. ಅಲ್ಲಿ ಷರತ್ತಿಗಿಂತ ಐದನೆಯದೇ ಸರಿ: ಶಸ್ತ್ರ ಬೇಡ, ಕವಾಯತಿಗೆ ಹೋಗುವುದು ಬೇಡ, ಗಡಿಯ ಸೇನಾ ಸಂಪರ್ಕ ಇರಲಿ, ಚಿನ್ ಮತ್ತು ಅರಾಕನ್ ಗುಂಪುಗಳ ಜೊತೆ ಮಾತು ನಡೆಯಲಿ, ಬಂದವರನ್ನು ನೋಂದಾಯಿಸಿ ಇರಗೊಡಲಿ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ ಎಂಬ ನೆಪ ಸಾಲದು. ಬೈಲಕುಪ್ಪೆಗೆ ನೆಲ ಕೊಟ್ಟಾಗಲೂ ಹಾಕಿರಲಿಲ್ಲ. ಸುಬೇದಾರರ ಗುಡ್ಡದ ಮಾತಿಗೂ ಇದರಲ್ಲಿ ಉತ್ತರವಿದೆ. ಗುಡ್ಡದ ಆಚೆ ಈಗ ಯಾರಿದ್ದಾರೋ ಅವರನ್ನು ಮಾತನಾಡಿಸದೆ ಗುಂಡು ನಿಲ್ಲುವುದಿಲ್ಲ.

ಇನ್ನು ನಾವು ಯಾರೂ ಪ್ರಶ್ನೆಯೆಂದೇ ತಿಳಿಯದ ದೇಶವೊಂದಿದೆ, ವಿಯೆಟ್ನಾಂ. ಏಕಪಕ್ಷದ ಆಡಳಿತ, ಬರೆದವರಿಗೆ ಜೈಲು. ಚೀನಾವನ್ನು ಎದುರಿಸಲು ನಮಗೆ ಬೇಕಾದ ಗೆಳೆಯ. 2016ರಲ್ಲಿ ಸಮಗ್ರ ಕಾರ್ಯತಂತ್ರದ ಪಾಲುದಾರಿಕೆ, 2023ರಲ್ಲಿ ಐಎನ್‌ಎಸ್ ಕೃಪಾಣ್ ಯುದ್ಧನೌಕೆಯ ಉಡುಗೊರೆ. ಗೋಣಿಕೊಪ್ಪದ ಕರಿಮೆಣಸಿನ ವ್ಯಾಪಾರಿಯ ಅಂಗಡಿಯಲ್ಲಿ ವಿಯೆಟ್ನಾಂ ಹೆಸರು ದಿನಕ್ಕೆ ಹತ್ತು ಸಲ ಬರುತ್ತದೆ: ಶ್ರೀಲಂಕಾದ ಮೂಲಕ ನುಸುಳಿದ ಅವರ ಅಗ್ಗದ ಮೆಣಸು, ಅದನ್ನು ತಡೆಯಲು 2017ರ ಡಿಸೆಂಬರಿನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿದ್ದು, ಅವರಲ್ಲಿ ಬರ ಬಂದರೆ ನಮ್ಮ ರೊಬಸ್ಟಾಗೆ ಬೆಲೆ ಏರುವುದು. ಅಲ್ಲಿನ ಕೈದಿಗಳ ಮಾತು ಒಮ್ಮೆಯೂ ಬರುವುದಿಲ್ಲ, ದೆಹಲಿಯಲ್ಲೂ ಬರುವುದಿಲ್ಲ. ಗಮನಿಸಿ, ಮೆಣಸಿನ ವಿಷಯದಲ್ಲಿ ನಾವು ಗಟ್ಟಿಯಾಗಿ ಗಲಾಟೆ ಮಾಡಿದೆವು, ಕೇಂದ್ರವೂ ಕ್ರಮ ಕೈಗೊಂಡಿತು. ಪಾಲುದಾರಿಕೆ ಮುರಿಯಲಿಲ್ಲ, ಯುದ್ಧನೌಕೆ ಅದರ ನಂತರವೇ ಹೋಯಿತು. ಮೆಣಸಿಗಾಗಿ ಆಡಿದ ಒರಟು ಮಾತನ್ನು ತಾಳಿಕೊಂಡ ಸ್ನೇಹ, ನಾಲ್ಕು ಜನ ಕೈದಿಗಳ ಹೆಸರನ್ನು ಮುಚ್ಚಿದ ಕೋಣೆಯಲ್ಲಿ ಎತ್ತಿದರೆ ಮುರಿದುಬೀಳುತ್ತದೆ ಎಂಬ ವಾದವನ್ನು ನಾನಂತೂ ಒಪ್ಪುವುದಿಲ್ಲ.